ಯಂತ್ರವಿರೋಧದ ಸ್ವರೂಪ: ಲಡ್ಡೈಟರಿಂದ ಕೃತಕ ಬುದ್ಧಿಮತ್ತೆಯವರೆಗೆ

ಕೃತಕ ಬುದ್ಧಿಮತ್ತೆಯನ್ನು ಉದ್ಯೋಗಕ್ಷೇತ್ರದಲ್ಲಿ ಬಳಕೆಗೆ ತರುವಾಗ ನೌಕರರು ಪ್ರತಿಭಟಿಸಿದರೆ, ಅದನ್ನು ಹೊಸದನ್ನು ಕಲಿಯಲೊಲ್ಲದವರ ಅಂಜಿಕೆಯೆಂದು ತಳ್ಳಿಹಾಕುವುದು ವಾಡಿಕೆಯಾಗಿದೆ. ಅಂಥವರನ್ನು ‘ಲಡ್ಡೈಟರು’ ಎಂದು ಹಳಿಯುವುದೂ ಉಂಟು. ಈ ಹೆಸರಿನ ಮೂಲವನ್ನು ಪರಿಶೀಲಿಸಿದರೆ ಆ ಅಭಿಪ್ರಾಯವು ಎಷ್ಟರಮಟ್ಟಿಗೆ ಸಾಧುವೆಂಬುದು ತಿಳಿದೀತು.

1811ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಂ ಪ್ರಾಂತದಲ್ಲಿ ಕಾಲುಚೀಲ ಹೆಣೆಯುವ ಕುಶಲಕರ್ಮಿಗಳು ಹೆಣಿಗೆಯ ಯಂತ್ರಗಳನ್ನು ಒಡೆಯತೊಡಗಿದರು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಆ ಯಂತ್ರವು ಹೊಸದಲ್ಲ. ವಿಲಿಯಂ ಲೀ ಎಂಬಾತನು 1589ರಲ್ಲಿಯೇ ಅದನ್ನು ನಿರ್ಮಿಸಿದ್ದನು. ಒಡೆದವರು ಅದೇ ಯಂತ್ರದಿಂದ ಹೊಟ್ಟೆ ಹೊರೆಯುತ್ತಿದ್ದವರು. ಅವರ ಆಕ್ಷೇಪಣೆ ಯಂತ್ರಕ್ಕಲ್ಲ, ಅದನ್ನು ಬಳಸುವ ರೀತಿಗೆ. ಅಗಲವಾದ ಬಟ್ಟೆಯನ್ನು ಹೆಣೆದು, ಕತ್ತರಿಸಿ ಹೊಲಿದು ಕೀಳುದರ್ಜೆಯ ಕಾಲುಚೀಲ ತಯಾರಿಸುವುದು, ಕ್ರಮವಾಗಿ ಕಸಬು ಕಲಿಯದವರನ್ನು ಕೆಲಸಕ್ಕೆ ಹಚ್ಚುವುದು, ಕೂಲಿಯನ್ನು ಇಳಿಸುವುದು—ಇವು ಅವರ ದೂರುಗಳು. ಎಷ್ಟೋ ಕಡೆ ಇಂಥ ಕೆಲಸಕ್ಕೆ ಬಳಸಿದ ಯಂತ್ರಗಳನ್ನು ಮಾತ್ರ ಆರಿಸಿ ಒಡೆದು, ಉಳಿದವನ್ನು ಮುಟ್ಟದೆ ಬಿಟ್ಟರು.

ಅವರು ಹಿಂಸೆಯ ಮಾರ್ಗವನ್ನು ಹಿಡಿದುದೇಕೆ? 1799 ಮತ್ತು 1800ರ ಶಾಸನಗಳು ಕಾರ್ಮಿಕರು ಸಂಘ ಕಟ್ಟುವುದನ್ನೇ ನಿಷೇಧಿಸಿದ್ದವು. 1812ರಲ್ಲಿ ಹೆಣಿಗೆಗಾರರ ಪರವಾದ ಮಸೂದೆಯೊಂದು ಕಾಮನ್ಸ್ ಸಭೆಯಲ್ಲಿ ಅಂಗೀಕೃತವಾದರೂ ಲಾರ್ಡ್ಸ್ ಸಭೆಯಲ್ಲಿ ಬಿದ್ದುಹೋಯಿತು. ಅದೇ ವರ್ಷ ಯಂತ್ರ ಒಡೆದವರಿಗೆ ಮರಣದಂಡನೆಯನ್ನು ವಿಧಿಸುವ ಶಾಸನ ಜಾರಿಗೆ ಬಂದಿತು. ಕವಿ ಬೈರನ್ ಲಾರ್ಡ್ಸ್ ಸಭೆಯಲ್ಲಿ ಅದನ್ನು ವಿರೋಧಿಸಿದುದು ಫಲಿಸಲಿಲ್ಲ. ದಂಗೆ ಯಾರ್ಕ್‌ಷೈರಿಗೂ ಹಬ್ಬಿತು. ಕೊಲೆ, ಗಿರಣಿಯ ಮೇಲಿನ ದಾಳಿ ಮೊದಲಾದ ಅಪರಾಧಗಳಿಗಾಗಿ 1813ರ ಜನವರಿಯಲ್ಲಿ ಯಾರ್ಕ್ ನಗರದಲ್ಲಿ 17 ಮಂದಿಯನ್ನು ಗಲ್ಲಿಗೇರಿಸಲಾಯಿತು.

ಇದರೊಡನೆ ನಮ್ಮ ಕಾಲದ ಒಂದು ಘಟನೆಯನ್ನು ಹೋಲಿಸಬಹುದು. 2023ರ ಮೇ 2ರಂದು ಅಮೆರಿಕದ ಚಲನಚಿತ್ರ ಹಾಗೂ ಟೆಲಿವಿಷನ್ ಲೇಖಕರು, ಸುಮಾರು 11,500 ಮಂದಿ, ಮುಷ್ಕರ ಹೂಡಿದರು. ಸಂಭಾವನೆಯ ಪ್ರಶ್ನೆಯ ಜತೆಗೆ ಕೃತಕ ಬುದ್ಧಿಮತ್ತೆಯ ಪ್ರಶ್ನೆಯೂ ಅದರಲ್ಲಿ ಸೇರಿತ್ತು. 148 ದಿನಗಳ ಮುಷ್ಕರವನ್ನು ಕೊನೆಗೊಳಿಸಿದ ಒಪ್ಪಂದವು ಯಂತ್ರವನ್ನು ಬಹಿಷ್ಕರಿಸಲಿಲ್ಲ. ಯಂತ್ರವನ್ನು ಲೇಖಕನೆಂದು ಪರಿಗಣಿಸತಕ್ಕದ್ದಲ್ಲ. ಸಂಸ್ಥೆಯ ಸಮ್ಮತಿಯಿದ್ದರೆ ಲೇಖಕನು ಅದನ್ನು ಬಳಸಬಹುದು, ಆದರೆ ಬಳಸಲೇಬೇಕೆಂದು ಒತ್ತಾಯಿಸುವಂತಿಲ್ಲ. ತಾನು ಕೊಡುವ ಸಾಮಗ್ರಿ ಯಂತ್ರದಿಂದ ಹುಟ್ಟಿದ್ದಾದರೆ ಸಂಸ್ಥೆಯು ಅದನ್ನು ತಿಳಿಸತಕ್ಕದ್ದು—ಇವು ಅದರ ಮುಖ್ಯ ನಿಬಂಧನೆಗಳು.

ಎರಡೂ ಸಂದರ್ಭಗಳಲ್ಲಿ ವಿವಾದದ ತಿರುಳು ಒಂದೇ: ಯಂತ್ರವನ್ನು ಯಾವ ಷರತ್ತಿನ ಮೇಲೆ ಬಳಸಬೇಕು, ಆ ಷರತ್ತನ್ನು ಗೊತ್ತುಪಡಿಸುವವರು ಯಾರು ಎಂಬುದು. ವ್ಯತ್ಯಾಸವಿರುವುದು ಮಾತುಕತೆಯ ದಾರಿಯಲ್ಲಿ. ಹೆಣಿಗೆಗಾರರಿಗೆ ಅದು ಮುಚ್ಚಿತ್ತು, ಲೇಖಕರಿಗೆ ತೆರೆದಿತ್ತು. ಆದರೆ ಒಪ್ಪಂದವು ಕಾಪಾಡುವುದು ಸಂಘಬಲವುಳ್ಳವರನ್ನು ಮಾತ್ರ. ಸಂಘವಿಲ್ಲದ ನೌಕರನ ಸ್ಥಿತಿ ಈ ಒಂದು ವಿಷಯದಲ್ಲಿ ನಾಟಿಂಗ್‌ಹ್ಯಾಮಿನ ಹೆಣಿಗೆಗಾರನ ಸ್ಥಿತಿಗಿಂತ ಬಹಳ ಭಿನ್ನವಲ್ಲ. ಆದುದರಿಂದ ನೌಕರರ ಪ್ರತಿರೋಧವನ್ನು ಅಜ್ಞಾನವೆಂದು ಎಣಿಸುವ ಮುನ್ನ, ಅವರ ದೂರೇನೆಂಬುದನ್ನೂ ಅದನ್ನು ಹೇಳಿಕೊಳ್ಳಲು ಅವರಿಗೆ ಎಡೆಯಿದೆಯೇ ಎಂಬುದನ್ನೂ ವಿಚಾರಿಸುವುದು ಯುಕ್ತ.