ಮೌನವೆಂದರೆ ಸಿಟ್ಟಲ್ಲ



ಚೆನ್ನೈನ ಟಿ. ನಗರದ ಛತ್ರಗಳಲ್ಲಿ ಮುಹೂರ್ತದ ಸೀಸನ್ ಬಂತೆಂದರೆ ಬೆಳಗಿನ 3 ಗಂಟೆಗೇ ಒಲೆ ಹೊತ್ತಬೇಕು. ಉಸ್ಮಾನ್ ರಸ್ತೆಯ ನೂಕುನುಗ್ಗಲಿನಲ್ಲಿ ತರಕಾರಿ ವ್ಯಾನ್ ಸಿಕ್ಕಿಕೊಂಡರಂತೂ ಎಲ್ಲರ ತಲೆ ಬಿಸಿ. ಅಂಥ ಒಂದು ದಿನ ನಮ್ಮ ಹಿರಿಯ ಭಟ್ಟರನ್ನು ಎಲ್ಲರೆದುರು ಗದರಿದೆ: "ಕೇಳಿದ್ದಕ್ಕೆ ಉತ್ತರ ಕೊಡಲು ಬರುವುದಿಲ್ಲವೇ?" ಅವರು ಮಾತಾಡಲಿಲ್ಲ. 500 ಎಲೆಯ ಊಟ ಮುಗಿಸಿಕೊಟ್ಟು ಊರಿಗೆ ಹೋದವರು ಮರಳಿ ಬರಲಿಲ್ಲ. 12 ವರ್ಷದ ಕೈರುಚಿ ಕೈಬಿಟ್ಟಿತು.

ವಿಷಯ ಕೇಳಿದ ಮನೆಯಾಕೆ ಹೇಳಿದಳು: "ನಾನು ಸುಮ್ಮನಿದ್ದರೂ ನೀವು ಸಿಟ್ಟೆಂದೇ ತಿಳಿಯುತ್ತೀರಿ."

ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲೇ ಅಂತರ್ಮುಖಿ, ಬಹಿರ್ಮುಖಿ ಸ್ವಭಾವಗಳ ಬಗ್ಗೆ ಗ್ರಂಥ ಬರೆದರು. ಕೆಲವರು ಮಾತಾಡುತ್ತಾ ಯೋಚಿಸುತ್ತಾರೆ, ಕೆಲವರು ಯೋಚಿಸಿದ ಮೇಲೆ ಮಾತಾಡುತ್ತಾರೆ. ಹೆಚ್ಚಿನವರು ಇವೆರಡರ ನಡುವೆ ಇರುವುದರಿಂದ ಯಾರಿಗೂ ಹಣೆಪಟ್ಟಿ ಹಚ್ಚಬಾರದು.

ಈಗ ನಾನು ಪಾಲಿಸುವುದು ಇಷ್ಟು:

* ಮೆನು ಚೀಟಿಯನ್ನು ಹಿಂದಿನ ದಿನವೇ ಭಟ್ಟರಿಗೆ ಕೊಟ್ಟು, ಯೋಚಿಸಲು ಸಮಯ ಬಿಟ್ಟು ಅಭಿಪ್ರಾಯ ಕೇಳುತ್ತೇನೆ.
* ಪಂಕ್ತಿ ನೋಡಿಕೊಳ್ಳುವುದೋ ಉಗ್ರಾಣವೋ, ಯಾವ ಕೆಲಸ ಇಷ್ಟವೆಂದು ಹುಡುಗರನ್ನೇ ವಿಚಾರಿಸುತ್ತೇನೆ.
* ತಪ್ಪಾದರೆ ಪಕ್ಕಕ್ಕೆ ಕರೆದು ಹೇಳುತ್ತೇನೆ.
* ಮನೆಗೆ ಕಾಲಿಟ್ಟ ಕೂಡಲೇ ಲೆಕ್ಕಪತ್ರದ ಮಾತಿಲ್ಲ. ಮೊದಲು ಕಾಫಿ, ಆಮೇಲೆ ಅವಳು ಹೇಳುವುದನ್ನು ಕೇಳುವುದು.

ಕಳೆದ ತಿಂಗಳು ಭಟ್ಟರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಈ ಸಲ ನಾನು ಕಾದೆ. ಕೊನೆಗೆ, "ಮುಂದಿನ ಮುಹೂರ್ತ ಯಾವಾಗ?" ಎಂದರು.