ಗಸಗಸೆ ಕಾಳಿನೊಳಗೆ 150 ಮೀಟರ್ ತಂತಿ!

ಹುಮನಾಬಾದಿನ ಬಿಸಿಲು. ಕೈಯಲ್ಲಿ ಕಬ್ಬಿನ ಹಾಲಿನ ಗ್ಲಾಸು. ಅದರ ಅಂಚಿಗೆ ಒಂದು ನೊಣ ಬಂದು ಕೂತಿತು. ದೊಡ್ಡದಲ್ಲ, ಕೊಳೆತ ಬಾಳೆಹಣ್ಣಿಗೆ ಮುತ್ತುತ್ತವಲ್ಲ, ಆ ಚೋಟು ಹಣ್ಣುನೊಣ. ತಡೀರಿ, ಓಡಿಸಬೇಡಿ!

ಅದರ ಮಿದುಳು ಗಸಗಸೆ ಕಾಳಿನಷ್ಟು. ಅದರೊಳಗೆ ನರಕೋಶ ಎಷ್ಟು? ಹೇಳಿ ನೋಡೋಣ. ನೂರು? ಸಾವಿರ?

1,39,255!

ಬಾಯಿಗೆ ಬಂದ ಸಂಖ್ಯೆಯಲ್ಲ ಇದು. 2024ರ ಅಕ್ಟೋಬರಿನಲ್ಲಿ ‘ಫ್ಲೈವೈರ್’ ತಂಡ ಒಂದು ಹೆಣ್ಣು ನೊಣದ ಇಡೀ ಮಿದುಳಿನ ನಕ್ಷೆ ಹೊರತಂದಿತು. ನರಕೋಶಗಳ ನಡುವಿನ ಕೊಂಡಿಗಳೇ ಸುಮಾರು 5 ಕೋಟಿ. ಅಷ್ಟೂ ನರತಂತುಗಳನ್ನು ಬಿಡಿಸಿ ಉದ್ದಕ್ಕೆ ಹಾಸಿದರೆ? ಹತ್ತಿರ ಹತ್ತಿರ 150 ಮೀಟರ್! ಗಸಗಸೆಯೊಳಗಿಂದ!

ಇನ್ನೂ ಇದೆ. ಆ ನಕ್ಷೆಯನ್ನು ಸಂಶೋಧಕರು ಕಂಪ್ಯೂಟರಿಗೆ ಉಣಿಸಿದರು. ಸಕ್ಕರೆ ರುಚಿ ಹಿಡಿಯುವ ನರಕೋಶಗಳನ್ನು ಪರದೆಯ ಮೇಲೆ ಚುಚ್ಚಿ ಎಬ್ಬಿಸಿದರು. ಏನಾಯಿತು ಗೊತ್ತೆ? ಸೊಂಡಿಲು ಚಾಚಿಸುವ ನರಕೋಶಗಳು ಮಿಡಿದವು! ನೊಣವಿಲ್ಲ, ಸಕ್ಕರೆಯಿಲ್ಲ. ಬರೀ ಲೆಕ್ಕ!

ಈ ವಿದ್ಯೆಗೆ ಕಂಪ್ಯುಟೇಷನಲ್ ನ್ಯೂರೋಸೈನ್ಸ್ ಎನ್ನುತ್ತಾರೆ. ಹೆಸರಿಗೆ ಹೆದರಬೇಡಿ. ಮಿದುಳನ್ನು ಗಣಿತದಲ್ಲಿ ಹಿಡಿಯುವ ಕೆಲಸ, ಅಷ್ಟೇ.

1951ರಲ್ಲಿ ಕೇಂಬ್ರಿಜ್‌ನ ಆಂಡ್ರ್ಯೂ ಹಕ್ಸ್‌ಲಿಗೆ ಒಂದೇ ಒಂದು ನರಮಿಡಿತದ ಲೆಕ್ಕ ಬೇಕಿತ್ತು. ವಿಶ್ವವಿದ್ಯಾಲಯದ ಕಂಪ್ಯೂಟರ್ ಆರು ತಿಂಗಳು ಬಂದ್! ಮನುಷ್ಯ ಕೈಹಿಡಿಕೆಯ ಲೆಕ್ಕಯಂತ್ರದ ಮುಂದೆ ಕೂತ. ತಿರುಗಿಸಿದ, ಬರೆದುಕೊಂಡ, ಮತ್ತೆ ತಿರುಗಿಸಿದ. ನರದಲ್ಲಿ ಕೆಲವೇ ಮಿಲಿಸೆಕೆಂಡು ಹಾಯುವ ಮಿಡಿತಕ್ಕೆ ಸುಮಾರು ಮೂರು ವಾರ! 1963ರಲ್ಲಿ ಸಹಸಂಶೋಧಕ ಹಾಜ್‌ಕಿನ್ ಜೊತೆ ನೊಬೆಲ್ ಬಂತು. ಅದೇ ಲೆಕ್ಕ ಇವತ್ತು ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಪಾಪ ಹಕ್ಸ್‌ಲಿ!

ಈಗ ನಿಮ್ಮ ವಿಷಯಕ್ಕೆ ಬರೋಣ. ಇದರಲ್ಲಿ ಪಿಎಚ್‌.ಡಿ. ಮಾಡಲು ಅಮೆರಿಕಕ್ಕೇ ಹೋಗಬೇಕೆ? ಬೇಡ! ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಿದರೆ ಸಾಕು. ಐಐಎಸ್‌ಸಿಯಲ್ಲಿ 2009ರಿಂದ ನರವಿಜ್ಞಾನ ಕೇಂದ್ರವೇ ಇದೆ. ಬಳ್ಳಾರಿ ರಸ್ತೆಯ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್‌ನಲ್ಲಿ ಉಪಿಂದರ್ ಭಲ್ಲಾ ಅವರ ತಂಡ ನರಕೋಶಗಳನ್ನು ಕಂಪ್ಯೂಟರಿನಲ್ಲಿ ಕಟ್ಟುವ ‘ಮೂಸ್’ ತಂತ್ರಾಂಶವನ್ನೇ ತಯಾರಿಸಿದೆ.

“ನಾ ಡಾಕ್ಟರ್ ಓದಿಲ್ಲಲ್ರೀ” ಅಂತೀರಾ? ಐಐಎಸ್‌ಸಿಯ ಆ ಕೇಂದ್ರದಲ್ಲಿ ದೃಷ್ಟಿ ಮತ್ತು ಮಿದುಳಿನ ಬಗ್ಗೆ ಸಂಶೋಧನೆ ನಡೆಸುವ ಎಸ್‌.ಪಿ. ಅರುಣ್ ಮತ್ತು ಸುಪ್ರತಿಮ್ ರೇ ಮೊದಲು ಓದಿದ್ದೇನು, ಊಹಿಸಿ. ಎಲೆಕ್ಟ್ರಿಕಲ್ ಇಂಜಿನಿಯರಿಂಗ್! ಇಬ್ಬರೂ! ಬಸವಕಲ್ಯಾಣ, ಭಾಲ್ಕಿ, ಬೀದರಿನ ಇಂಜಿನಿಯರಿಂಗ್ ಹುಡುಗ ಹುಡುಗಿಯರೇ, ಕೇಳಿಸಿತೆ? ಐಐಎಸ್‌ಸಿಗೆ ಗೇಟ್ ಪರೀಕ್ಷೆ ಬರೆಯಿರಿ, ಎನ್‌ಸಿಬಿಎಸ್‌ಗೆ ಟಿಐಎಫ್‌ಆರ್ ನಡೆಸುವ ಜೆಜೀಬಿಲ್ಸ್. ಆಮೇಲೆ ಸಂದರ್ಶನ.

ದುಡ್ಡು? ಮನೆಯಲ್ಲಿ ಅಪ್ಪ ಮೊದಲು ಕೇಳುವ ಪ್ರಶ್ನೆ ಇದೇ ಅಲ್ಲವೆ? ಇಲ್ಲಿ ಸಂಶೋಧನೆ ಮಾಡುವವರಿಗೇ ಹಣ ಕೊಡುತ್ತಾರೆ! 2023ರ ಜನವರಿಯಿಂದ ಜಾರಿಗೆ ಬಂದ ಕೇಂದ್ರ ಸರ್ಕಾರದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಐದು ವರ್ಷಕ್ಕೆ ಕೂಡಿಸಿ ನೋಡಿ. ಸರಿಯಾಗಿ 24 ಲಕ್ಷ! ಮನೆ ಬಾಡಿಗೆ ಭತ್ಯೆ ಇದರಲ್ಲಿ ಸೇರಿಲ್ಲ.

ಅಂದಹಾಗೆ, ಆ ನೊಣದ ನಕ್ಷೆ ಪುಕ್ಕಟೆ. ಇವತ್ತು ರಾತ್ರಿಯೇ ಡೌನ್‌ಲೋಡ್ ಮಾಡಿಕೊಳ್ಳಬಹುದು. ಸಕ್ಕರೆಯ ನರಕೋಶದ ಜೊತೆಗೆ ಕಹಿಯದನ್ನೂ ಚುಚ್ಚಿ ನೋಡಿ. ನೊಣ ಸೊಂಡಿಲು ಚಾಚುತ್ತದೋ ಇಲ್ಲವೋ? ನಾನು ಹೇಳುವುದಿಲ್ಲ!