ಪುಣೆಯ ಕೊಳೆ, ದೌಂಡದ ಮಣ್ಣು, ಕಲಬುರಗಿಯ ಕೊಡ

ಮುಂಬಯಿ, ಪುಣೆಗಳಿಂದ ಸೊಲ್ಲಾಪುರ ಮಾರ್ಗವಾಗಿ ಕಲಬುರಗಿ, ಯಾದಗಿರಿ, ರಾಯಚೂರಿಗೆ ಹೋಗಿಬರುವ ಹೊರನಾಡ ಕನ್ನಡಿಗರಿಗೆ ದೌಂಡ ಅಪರಿಚಿತ ಊರೇನಲ್ಲ. ಮನಮಾಡದ ಹಳಿ ಬಂದು ಕೂಡುವ ಈ ಜಂಕ್ಷನ್‌ನಲ್ಲಿ ಚಹಾ ಕುಡಿದು ಮುಂದೆ ಸಾಗಿದವರೇ ಹೆಚ್ಚು. ಆದರೆ ಊರ ಪಕ್ಕದಲ್ಲೇ ಹರಿಯುವ ಭೀಮಾ ನದಿಯೂ ತಮ್ಮ ರೈಲಿನಂತೆಯೇ ಕರ್ಮಭೂಮಿಯಿಂದ ಜನ್ಮಭೂಮಿಯತ್ತ ಹೊರಟಿದೆ ಎಂಬುದು ಎಷ್ಟೋ ಮಂದಿಯ ಗಮನಕ್ಕೆ ಬಂದಿರಲಾರದು.

ಭೀಮಾಶಂಕರದಲ್ಲಿ ಹುಟ್ಟುವ ಭೀಮೆಗೆ, ಪುಣೆ ನಗರದ ನಡುವಿನಿಂದ ಬರುವ ಮುಳಾ-ಮುಠಾ ನದಿ ದೌಂಡಕ್ಕಿಂತ ಮೇಲೆ ರಾಂಜಣಗಾಂವ್ ಸಾಂಡಸ್ ಬಳಿ ಸೇರುತ್ತದೆ. ಪುಣೆ, ಪಿಂಪ್ರಿ-ಚಿಂಚವಾಡಗಳ ಮನೆ-ಕಾರ್ಖಾನೆಗಳಿಂದ ಬಂದು ಶುದ್ಧಿಯಾಗದೆ ಉಳಿದ ಕೊಳಚೆಯೂ ಅದರೊಡನೆ ಬರುತ್ತದೆ. ದೌಂಡ ದಾಟಿದ ಭೀಮೆ, 1980ರಲ್ಲಿ ಪೂರ್ಣಗೊಂಡ ಉಜನಿ ಜಲಾಶಯವನ್ನು ತುಂಬಿ, ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ, ಅಫಜಲಪುರ, ಗಾಣಗಾಪುರ, ಯಾದಗಿರಿಯ ಸೀಮೆಗಳನ್ನು ಹಾದು ರಾಯಚೂರಿನ ಸಮೀಪ ಕೃಷ್ಣೆಯನ್ನು ಕೂಡುತ್ತದೆ. ಒಟ್ಟು 861 ಕಿಲೋಮೀಟರ್ ಪಯಣ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ 351 ಮಲಿನ ನದಿಪಾತ್ರಗಳ ಪೈಕಿ ಮಹಾರಾಷ್ಟ್ರದ ಪಾಲು 53, ಕರ್ನಾಟಕದ ಪಾಲು 17. ಭೀಮೆಯ ಹೆಸರು ಎರಡೂ ರಾಜ್ಯಗಳ ಪಟ್ಟಿಯಲ್ಲಿದೆ.

ಗೊಬ್ಬರವೇ ಮುಳುವಾದಾಗ

ಮಣ್ಣು ವಿಜ್ಞಾನಿಗಳ ದೃಷ್ಟಿಯಲ್ಲಿ ಕೊಳಚೆ ಎಂದರೆ ಬರೀ ಹೊಲಸಲ್ಲ. ಹೊಲ ಬಿಟ್ಟು ಹೋಗಿ ಮರಳಿ ಬಾರದ ಗೊಬ್ಬರ ಅದು. ಜೋಳ, ತೊಗರಿ, ಕಬ್ಬು ಮಣ್ಣಿನಿಂದ ಹೀರಿದ ಸಾರಜನಕ, ರಂಜಕ, ಪೊಟ್ಯಾಶ್ ಅನ್ನ-ಬೇಳೆಯ ರೂಪದಲ್ಲಿ ಪಟ್ಟಣ ಸೇರುತ್ತವೆ. ಹಿಂದೆ ಅವು ತಿಪ್ಪೆಯ ದಾರಿಯಲ್ಲಿ ಹೊಲಕ್ಕೆ ಮರಳುತ್ತಿದ್ದವು. ಪಟ್ಟಣ ಬೆಳೆದು ಚರಂಡಿ ಬಂದ ಮೇಲೆ ಆ ಚಕ್ರ ಮುರಿಯಿತು. ಹೊಲಕ್ಕೆ ಚೀಲದ ಗೊಬ್ಬರ ಬಂತು, ಹಳೆಯ ಸತ್ವ ನದಿಯ ಪಾಲಾಯಿತು.

ನದಿ ಸೇರಿದ ಸಾರಜನಕ, ರಂಜಕಗಳೇ ಜಲಕಳೆಗೂ ಹಸಿರು ಪಾಚಿಗೂ ಆಹಾರ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಕರಗಿ ಮೀನುಗಳಿಗೆ ಉಸಿರು ಕಟ್ಟುತ್ತದೆ. ಜಲಾಶಯದ ತಳದ ಕೆಸರು ಸಾಕಷ್ಟು ರಂಜಕವನ್ನು ಹಿಡಿದಿಟ್ಟುಕೊಳ್ಳುವುದೇನೋ ನಿಜ. ಆದರೆ ತಳದಲ್ಲಿ ಆಮ್ಲಜನಕ ಮುಗಿದಾಗ ಅದೇ ಕೆಸರು ಹಿಡಿದದ್ದನ್ನು ನೀರಿಗೆ ಬಿಟ್ಟುಕೊಡುತ್ತದೆ. ಆದ್ದರಿಂದ ಇಂದು ಕೊಳಚೆ ನಿಲ್ಲಿಸಿದರೂ ನಾಳೆಯೇ ನೀರು ತಿಳಿಯಾಗದು.

ಹಾಗಾದರೆ ಈ ನೀರನ್ನು ಹೊಲಕ್ಕೇ ಹಾಯಿಸಬಾರದೇ? ದೌಂಡ ಸೀಮೆಯಲ್ಲಿ ನಡೆದಿರುವುದು ಅದೇ. ಖಡಕವಾಸಲಾದ ಶುದ್ಧ ನೀರನ್ನು ಪುಣೆ ನಗರ ಹೆಚ್ಚು ಹೆಚ್ಚು ಬಳಸತೊಡಗಿದಂತೆ ಕೆಳಗಿನ ರೈತರ ಪಾಲು ಪ್ರಶ್ನೆಯಾಯಿತು. ಅದಕ್ಕೆ ಬದಲಾಗಿ ಮುಂಢವಾದಲ್ಲಿ ಸಂಸ್ಕರಿತ ನೀರನ್ನೆತ್ತಿ ಹಳೆಯ 'ಬೇಬಿ ಕಾಲುವೆ'ಯ ಮೂಲಕ ಹವೇಲಿ, ದೌಂಡ ತಾಲೂಕುಗಳಿಗೆ ಹರಿಸುವ ಯೋಜನೆ ಬಂತು. ವರ್ಷಕ್ಕೆ 6.5 ಟಿಎಂಸಿ ನೀರು ಅದರ ಗುರಿ. ಸಂಸ್ಕರಣೆ ಸರಿಯಾಗಿದ್ದರೆ ಇದು ಮುರಿದ ಚಕ್ರವನ್ನು ಮತ್ತೆ ಜೋಡಿಸುವ ಕೆಲಸವೇ ಸರಿ. ಸರಿಯಿಲ್ಲದಿದ್ದರೆ ಸಾರಜನಕದ ಜತೆಗೆ ಸಾಬೂನು ಪುಡಿಯ ಸೋಡಿಯಂ, ಕಾರ್ಖಾನೆಗಳ ಲೋಹಾಂಶಗಳೂ ಹೊಲ ಸೇರುತ್ತವೆ.

ಕಪ್ಪು ಮಣ್ಣಿಗೆ ಸೋಡಿಯಂ ದೊಡ್ಡ ವೈರಿ. ಅದು ಹೆಚ್ಚಿದಂತೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಉಬ್ಬಿ, ಮಣ್ಣಿನ ರಂಧ್ರಗಳು ಮುಚ್ಚುತ್ತವೆ. ನೀರು ಇಂಗದು, ಬೇರಿಗೆ ಗಾಳಿ ದಕ್ಕದು. ಹೆಚ್ಚಾದ ನೈಟ್ರೇಟ್ ಕೆಳಗಿಳಿದು ಬಾವಿ ಸೇರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಭಾರತೀಯ ಮಾನಕ.

ನೂರು ವರ್ಷ ಹಳೆಯ ಪಾಠ

ಇದೆಲ್ಲ ಈ ಸೀಮೆಗೆ ಹೊಸ ಪಾಠವೂ ಅಲ್ಲ. ದೌಂಡಕ್ಕೆ ಹತ್ತಿರದ ನೀರಾ ಕಣಿವೆಯಲ್ಲಿ 1880ರ ದಶಕದಲ್ಲಿ ಕಾಲುವೆ ಹರಿಯತೊಡಗಿತು. ಕೆಲವೇ ವರ್ಷಗಳಲ್ಲಿ ಒಳ್ಳೆಯ ಹೊಲಗಳ ಮೇಲೆ ಬಿಳಿ ಉಪ್ಪು ಕಾಣಿಸಿಕೊಂಡಿತು. ಪುಣೆ ಕೃಷಿ ಕಾಲೇಜಿನ ಹೆರಾಲ್ಡ್ ಮ್ಯಾನ್ ಮತ್ತು ವಿ.ಎ. ತಮ್ಹಾಣೆ ಇದನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಅತಿಯಾದ ನೀರು, ಬಸಿದುಹೋಗಲು ದಾರಿಯಿಲ್ಲದ ನೆಲ, ಇವೆರಡೇ ಮೂಲ ಎಂಬುದು ಅದರ ಸಾರ. ಮುಂದೆ 1932ರಲ್ಲಿ ಪಾಡೇಗಾಂವ್‌ನಲ್ಲಿ ಕಬ್ಬು ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. 1938ರಲ್ಲಿ ಜೆ.ಕೆ. ಬಸು ಮತ್ತು ಎಸ್.ಎಸ್. ಸಿರೂರ ದಖನ್ ಕಾಲುವೆಗಳ ಮಣ್ಣನ್ನು ಗುಂಡಿ ತೋಡಿ, ಪದರು ಪದರಾಗಿ ಪರೀಕ್ಷಿಸಿ ವರ್ಗೀಕರಿಸಿದರು.

ಇವರೆಲ್ಲರಿಗೂ ಮೊದಲೇ ಇದೇ ಕಾಲುವೆಗಳ ಮೇಲೆ ದುಡಿದ ಕನ್ನಡಿಗರೊಬ್ಬರಿದ್ದರು ಎಂಬುದು ಹೆಮ್ಮೆಯ ಸಂಗತಿ. ಪುಣೆಯಲ್ಲೇ ಇಂಜಿನಿಯರಿಂಗ್ ಓದಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಖಡಕವಾಸಲಾದಲ್ಲಿ 1903ರಲ್ಲಿ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿದ್ದನ್ನು ಎಲ್ಲರೂ ಬಲ್ಲರು. ನೀರಾ ಕಾಲುವೆಗೆ ಅವರು ತಂದ 'ಬ್ಲಾಕ್ ಪದ್ಧತಿ' ಅಷ್ಟು ಪ್ರಸಿದ್ಧವಲ್ಲ. ನೀರು ಚೆನ್ನಾಗಿ ಬಸಿಯುವ ನೆಲವನ್ನೇ ಆರಿಸಿ, ಒಂದು ಬ್ಲಾಕಿನ ಮೂರನೆಯ ಒಂದು ಪಾಲಿಗೆ ಮಾತ್ರ ಕಬ್ಬು ಬೆಳೆದು, ಉಳಿದದ್ದರಲ್ಲಿ ಬೇರೆ ಬೆಳೆ ಸರದಿಯಂತೆ ತೆಗೆಯಬೇಕೆಂಬುದು ಅದರ ತಿರುಳು. ಹೀಗೆ ಮಾಡಿದರೆ ನೀರು ಹೆಚ್ಚು ಜನರಿಗೆ ಸಿಗುತ್ತದೆ, ಮಣ್ಣೂ ಕೆಡುವುದಿಲ್ಲ. ಎಲ್ಲಿ ನೋಡಿದರಲ್ಲಿ ಕಬ್ಬೇ ಕಾಣುವ ಇಂದಿನ ದೌಂಡದಲ್ಲಿ ನಿಂತರೆ ಆ ದೂರದೃಷ್ಟಿಯ ಬೆಲೆ ತಿಳಿಯುತ್ತದೆ.

ಬೆಂಗಳೂರಿನ ಹೆಸರಿನ ಗುಂಡಿ

ಮುರಿದ ಚಕ್ರವನ್ನು ಕೂಡಿಸುವ ಉಪಾಯಕ್ಕೂ ಕನ್ನಡ ನಾಡಿನ ನಂಟಿದೆ. ಪಟ್ಟಣದ ಕಸ ಮತ್ತು ಮಲವನ್ನು ಗುಂಡಿಯಲ್ಲಿ ಪದರು ಪದರಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ ಎಂಟೊಂಬತ್ತು ತಿಂಗಳಲ್ಲಿ ಗೊಬ್ಬರ ಮಾಡುವ ವಿಧಾನವನ್ನು ಡಾ. ಸಿ.ಎನ್. ಆಚಾರ್ಯ ಅವರು 1939ರಲ್ಲಿ ಬೆಂಗಳೂರಿನಲ್ಲಿ ರೂಪಿಸಿದರು. ಕೃಷಿ ಪಠ್ಯಗಳಲ್ಲಿ ಅದರ ಹೆಸರು ಇಂದಿಗೂ 'ಬೆಂಗಳೂರು ಪದ್ಧತಿ'.

ಈಗಿನ ನಗರಗಳಿಗೆ ಗುಂಡಿಯೊಂದೇ ಸಾಲದು. ಪುಣೆಯಲ್ಲಿ ಜಪಾನಿನ ನೆರವಿನಿಂದ 11 ಹೊಸ ಶುದ್ಧೀಕರಣ ಘಟಕಗಳನ್ನು ಕಟ್ಟುವ ಯೋಜನೆಗೆ 2016ರ ಜನವರಿಯಲ್ಲಿ ಒಪ್ಪಂದವಾಯಿತು. ದಿನಕ್ಕೆ 39.6 ಕೋಟಿ ಲೀಟರ್ ಕೊಳಚೆ ಶುದ್ಧೀಕರಿಸುವ ಸಾಮರ್ಥ್ಯ ಅವುಗಳದು. ಕೆಟ್ಟ ನೆಲಕ್ಕೆ ಜಿಪ್ಸಂ ಹಾಕಿ ಬಸಿಗಾಲುವೆ ತೆಗೆದರೆ ಸುಣ್ಣದಂಶವು ಸೋಡಿಯಂನ್ನು ಹೊರದೂಡಿ ಮಣ್ಣು ಮತ್ತೆ ಚೇತರಿಸಿಕೊಳ್ಳುತ್ತದೆ. ಆದರೆ ಬಸಿಗಾಲುವೆಯಿಲ್ಲದೆ ಜಿಪ್ಸಂ ಸುರಿದರೆ ಹಣ ದಂಡ.

ಪುಣೆಯ ಹೊಳೆಗೆ ಬಿಟ್ಟದ್ದೆಲ್ಲ ಹಾಗೆಯೇ ಕಲಬುರಗಿ ತಲುಪುತ್ತದೆಂದಲ್ಲ. ಉಜನಿ ಬಹಳಷ್ಟನ್ನು ತಡೆಯುತ್ತದೆ, ನಡುವಿನ ಊರುಗಳು ತಮ್ಮ ಪಾಲನ್ನೂ ಸೇರಿಸುತ್ತವೆ. ಆದರೂ ನೀರು ಒಂದೇ. ಹಸಿ ಕಸ ಬೇರ್ಪಡಿಸಿ ಗೊಬ್ಬರ ಮಾಡುವುದು, ಸಾಬೂನು ಪುಡಿಯನ್ನು ಅಳತೆಯರಿತು ಬಳಸುವುದು, ಸೊಸೈಟಿಯ ಶುದ್ಧೀಕರಣ ಘಟಕ ನಿಜಕ್ಕೂ ನಡೆಯುತ್ತಿದೆಯೇ ಎಂದು ಸಭೆಯಲ್ಲಿ ಕೇಳುವುದು, ಇವು ಯಾರಿಂದಲೂ ಆಗುವ ಕೆಲಸಗಳು. ರಾಜ್ಯೋತ್ಸವದ ವೇದಿಕೆಯಲ್ಲಿ ನಾಡಿನ ನದಿಗಳಿಗೆ ಕೈಮುಗಿಯುವ ನಮ್ಮ ಸಂಘಗಳು ಈ ವಿಷಯಕ್ಕೂ ಒಂದು ಸಂಜೆ ಮೀಸಲಿಟ್ಟರೆ, ಅದರ ಫಲ ದೌಂಡದ ಹೊಲಕ್ಕೂ ಸಲ್ಲುತ್ತದೆ, ಊರಲ್ಲಿ ಕೊಡ ಹಿಡಿದು ಹೊಳೆಗಿಳಿಯುವ ಅಕ್ಕ-ತಂಗಿಯರಿಗೂ ಸಲ್ಲುತ್ತದೆ.